ಸಂಪಾದಕರ ಉತ್ತರ: ಬರೆದದ್ದನ್ನು ಕೇಳಿಸುವ ಕೆಲಸ

ಮಾನ್ಯರೇ,

ಸಮಕಾಲೀನ ಕವಿಗಳೂ ಕತೆಗಾರರೂ ತಮ್ಮ ಬರಹಗಳನ್ನು ಓದಿದ ಸಂಜೆಯೊಂದರ ಬಗ್ಗೆ ತಾವು ಬರೆದ ಪತ್ರ ತಲುಪಿದೆ. ಕವಿತೆಗಳು ಒಂದರ ಹಿಂದೊಂದು ಸರಿದುಹೋಗಿ ಯಾವುದೂ ಮನಸ್ಸಿನಲ್ಲಿ ನಿಲ್ಲಲಿಲ್ಲ, ಕಾದಂಬರಿಯ ಭಾಗದ ತಲೆಬುಡ ತಿಳಿಯಲಿಲ್ಲ ಎಂದು ಬೇಸರಪಟ್ಟಿದ್ದೀರಿ. ಪುಸ್ತಕ ಕೈಯಲ್ಲಿರುವಾಗ ಇಂತಹ ಸಭೆಗಳೇಕೆ, ಓದಿಸಲೇಬೇಕಿದ್ದರೆ ನುರಿತ ನಟರಿಂದ ಓದಿಸಬಾರದೇಕೆ ಎಂದೂ ಕೇಳಿದ್ದೀರಿ. ತಮ್ಮ ಬೇಸರ ನ್ಯಾಯವಾದದ್ದೇ. ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಓದುವವರು ಪುಟ ಹಿಂದಕ್ಕೆ ತಿರುಗಿಸಬಹುದು, ಕೇಳುವವರಿಗೆ ಆ ಅವಕಾಶವಿಲ್ಲ. ಗದ್ಯದ ಓದು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಕನ್ನಡದ ಉದ್ದನೆಯ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಯಾರು, ಎಲ್ಲಿ, ಯಾವಾಗ ಎಂಬುದನ್ನೆಲ್ಲ ಕೇಳುಗರು ಅಲ್ಲಿಯವರೆಗೆ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ನಡುವೆ ಪರಿಚಯವಿಲ್ಲದ ನಾಲ್ಕು ಪಾತ್ರಗಳ ಹೆಸರು ಬಂದರೆ ಎಳೆ ತಪ್ಪುತ್ತದೆ. ಮೂರು ಸಾವಿರ ಪದಗಳ ಕತೆಯನ್ನು ಅವಸರವಿಲ್ಲದೆ ಓದಲು ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷ ಸಿಕ್ಕವರು ಮೊದಲ ಪುಟದಿಂದ ಹಿಡಿದು, ಸಮಯವಾಯಿತೆಂಬ ಕಾರ್ಯಕ್ರಮ ನಿರೂಪಕರ ಚೀಟಿ ಬಂದಲ್ಲಿ ನಿಲ್ಲಿಸಿದರೆ, ಅದು ಕತೆಯ ಓದಲ್ಲ, ಕತೆಯ ತುಂಡು ಅಷ್ಟೇ.

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರು 1853ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಹಾಯಾರ್ಥವಾಗಿ ತಮ್ಮ ಕ್ರಿಸ್‌ಮಸ್ ಕತೆಯನ್ನು ಓದಿದರು. 1858ರಿಂದ ಹಣ ಪಡೆದು ಓದತೊಡಗಿ, 1870ರವರೆಗೂ ವೇದಿಕೆ ಏರುತ್ತಿದ್ದರು. ಅದಕ್ಕೆಂದೇ ಅವರು ಬೇರೆ ಪ್ರತಿಗಳನ್ನು ಸಿದ್ಧಪಡಿಸಿಕೊಂಡು, ಕೇಳುಗರಿಗೆ ಭಾರವಾಗುವ ಭಾಗಗಳನ್ನು ಹೊಡೆದುಹಾಕಿ, ಧ್ವನಿ ಎಲ್ಲಿ ಹೇಗಿರಬೇಕೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅಚ್ಚಾದ ಪುಟಕ್ಕೆ ಕತ್ತರಿ ಹಾಕಲು ಒಪ್ಪದ ಇಂದಿನ ಕತೆಗಾರರು ಇದನ್ನು ಗಮನಿಸಬೇಕೆಂದು ನನ್ನ ಕಳಕಳಿಯ ಕೋರಿಕೆ. ಸಂಭಾಷಣೆಯನ್ನು ಧ್ವನಿಯಲ್ಲೇ ಬೇರ್ಪಡಿಸಬಲ್ಲವರಿಗೆ ಪ್ರತಿ ಮಾತಿನ ಕೊನೆಯ ‘ಎಂದ’, ‘ಎಂದಳು’ಗಳು ಬೇಕಾಗುವುದಿಲ್ಲ.

ಕವಿತೆಯ ಕಷ್ಟ ಬೇರೆ. ಛಂದಸ್ಸಿದ್ದರೆ ಲಯವೇ ಕೇಳುಗರನ್ನು ಕೈಹಿಡಿದು ನಡೆಸುತ್ತದೆ. ಹೊಸ ಕವಿತೆಯಲ್ಲಿ ಸಾಲು ಮುರಿದ ಜಾಗವೇ ಅರ್ಥದ ಒಂದು ಭಾಗ. ಅಲ್ಲಿ ಅರೆಕ್ಷಣ ತಡೆಯಬೇಕೋ, ಉಸಿರು ಬಿಡದೆ ಮುಂದಿನ ಸಾಲಿಗೆ ದಾಟಬೇಕೋ ಎಂಬುದು ಬರೆದವರಿಗೆ ಗೊತ್ತಿರುವಷ್ಟು ನಟರಿಗೆ ಗೊತ್ತಿರುವುದಿಲ್ಲ. ನುರಿತ ನಟರು ಕವಿತೆಗೆ ಇಲ್ಲದ ಉದ್ವೇಗವನ್ನು ತುಂಬಿಬಿಡುವ ಅಪಾಯವೂ ಇದೆ. ಹಾಗಾಗಿ ಕವಿಯ ಕಂಠ ಸಾಧಾರಣವಾಗಿದ್ದರೂ ಅದನ್ನೇ ಕೇಳಲು ನಾನು ಬಯಸುತ್ತೇನೆ. ಆದರೆ ಎಂಟು ಕವಿತೆಗಳ ಬದಲು ಮೂರನ್ನು ಆರಿಸಿ, ಕಠಿಣವಾದದ್ದನ್ನು ಎರಡು ಬಾರಿ ಓದಬೇಕು. ಎರಡನೆಯ ಓದಿನಲ್ಲಿ ಸಭೆ ಕೇಳುವ ರೀತಿಯೇ ಬದಲಾಗುತ್ತದೆ.

ಪುಸ್ತಕವಿದೆಯಲ್ಲ ಎಂಬ ತಮ್ಮ ಮಾತಿಗೆ ಒಂದು ಉತ್ತರವೆಂದರೆ, ಎಷ್ಟೋ ಬಾರಿ ಪುಸ್ತಕ ಇನ್ನೂ ಬಂದೇ ಇರುವುದಿಲ್ಲ. ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಅವರ ‘ಹೌಲ್’ ಕವಿತೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಗ್ಯಾಲರಿಯೊಂದರಲ್ಲಿ ಜನ ಕೇಳಿದ್ದು 1955ರ ಅಕ್ಟೋಬರ್‌ನಲ್ಲಿ. ಅದು ಪುಸ್ತಕವಾದದ್ದು 1956ರಲ್ಲಿ. ಹೊಸ ಬರಹ ಎಲ್ಲಿ ಹಿಡಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದು ಎದುರಿಗೆ ಕುಳಿತವರ ಮುಖದಲ್ಲಿ ಬರೆದವರಿಗೆ ತಕ್ಷಣ ಕಾಣುತ್ತದೆ. ಅಚ್ಚಿಗೆ ಹೋಗುವ ಮುನ್ನ ತಿದ್ದಲು ಅದಕ್ಕಿಂತ ಒಳ್ಳೆಯ ನೆರವಿಲ್ಲ.

ಇಂತಹ ಸಂಜೆಗಳ ವರದಿಯಲ್ಲಿ ನಮ್ಮ ಪತ್ರಿಕೆ ಇನ್ನು ಮುಂದೆ ಯಾರು ಬಂದಿದ್ದರು ಎಂಬುದಕ್ಕಿಂತ, ಯಾರು ಏನನ್ನು ಆರಿಸಿ ಹೇಗೆ ಓದಿದರು ಎಂಬುದಕ್ಕೆ ಹೆಚ್ಚು ಜಾಗ ಕೊಡಲಿದೆ.

ಇಂತು,
ಸಂಪಾದಕ