‘ಸದಭಿರುಚಿ ವೀರ’ನನ್ನು ಕಳಿಸಿದವರಿಗೆ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಸದಭಿರುಚಿ ವೀರ’ ಕಥೆಯನ್ನು ಎರಡು ಸಲ ಓದಿದೆ. ಹಗಲು ಬಳ್ಳಾರಿಯ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಹೇಳುವ ಮೇಷ್ಟ್ರು ರಾತ್ರಿಯಾದೊಡನೆ ಕೌಲ್ ಬಜಾರಿನಲ್ಲಿ ಹೊಲಿಸಿದ ಜೀನ್ಸ್ ಬಟ್ಟೆಯ ಉಡುಪು ತೊಟ್ಟು (ಮೇ ತಿಂಗಳ ಬಳ್ಳಾರಿಯಲ್ಲಿ ಇದೊಂದೇ ಸಾಕು ಅವರನ್ನು ಸಾಹಸಿ ಎನ್ನಲು), ಕೋಟೆಯ ಗುಡ್ಡದಿಂದ ಹಾರಿ, ಧಾರಾವಾಹಿ ಹಾಕಿಕೊಂಡ ಟಿ.ವಿ.ಗಳನ್ನು ಕಣ್ಣೋಟದಿಂದಲೇ ಸುಡುತ್ತಾರೆಂಬ ಕಲ್ಪನೆ ನನ್ನನ್ನು ನಗಿಸಿತು. ಆದರೂ ಕಥೆಯನ್ನು ಈಗಿರುವಂತೆ ಪ್ರಕಟಿಸಲಾರೆ.

ಇದು ವಿಡಂಬನೆ ಎಂದು ನೀವು ಪತ್ರದಲ್ಲಿ ಬರೆದಿದ್ದೀರಿ. ಕಥೆಯಲ್ಲಿ ನಗೆಪಾಟಲಿಗೆ ಈಡಾಗುವವರು ಮಾತ್ರ ಜಾತ್ರೆಯ ಟೆಂಟಿನಲ್ಲಿ ಶಿಳ್ಳೆ ಹೊಡೆಯುವವರು, ವಗ್ಗಾಣಿ ಮಿರ್ಚಿ ತಿನ್ನುತ್ತ ‘ಒನ್ಸ್ ಮೋರ್’ ಕೂಗುವವರು. ಮೇಷ್ಟ್ರ ಮೈಗೆ ಒಂದು ಗೀರೂ ತಾಗುವುದಿಲ್ಲ. ವಿಚಿತ್ರವೆಂದರೆ, ಖಳನಾದ ‘ದ್ವಂದ್ವಾರ್ಥ ದೊರೆ’ ಬಾಯಿ ತೆರೆದಾಗಲೆಲ್ಲ ಪುಟಕ್ಕೆ ಜೀವ ಬರುತ್ತದೆ, ನಾಯಕ ಮಾತಿಗೆ ನಿಂತರೆ ಪಠ್ಯಪುಸ್ತಕ ತೆರೆದಂತಾಗುತ್ತದೆ. ಬೇಕೆಂದೇ ಹೀಗೆ ಮಾಡಿದ್ದರೆ ಅದು ಓದುಗನಿಗೆ ಗೊತ್ತಾಗಬೇಕಿತ್ತು.

ಮೂರನೆಯ ಭಾಗದಲ್ಲಿ ಮೇಷ್ಟ್ರು ಬಯಲಾಟದ ಒಂದು ಬಗೆಯಾದ ದೊಡ್ಡಾಟವನ್ನು ‘ಶುದ್ಧ ಕಲೆ’ಯೆಂದು ಕಾಪಾಡಿ, ಪಕ್ಕದ ಕಂಪನಿ ನಾಟಕದ ಟೆಂಟನ್ನು ಕೆಡವುತ್ತಾರೆ. ಕಥೆಯ ನಿಜವಾದ ತಮಾಷೆ ಇಲ್ಲಿದೆ. ನೀವು ಅದನ್ನು ಗಮನಿಸದೆ ದಾಟಿಹೋಗಿದ್ದೀರಿ. ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಕೊಂಡು ಕುಣಿಯುತ್ತ ಬಂದು, ಸಾರಥಿ ‘ತಾವು ಯಾರು’ ಎಂದು ಕೇಳಿದ್ದೇ ತಡ ತನ್ನ ಪರಾಕ್ರಮವನ್ನು ತಾನೇ ಸಾರಿಕೊಳ್ಳುವ ದೊಡ್ಡಾಟದ ಪಾತ್ರಧಾರಿಗಿಂತ ದೊಡ್ಡ ಸೂಪರ್‌ಹೀರೊ ನಮ್ಮ ಸೀಮೆಯಲ್ಲಿ ಇನ್ನಾರಿದ್ದಾರೆ? ಓದಿದವರು ಒಂದು ಕಾಲಕ್ಕೆ ಮೂಗು ಮುರಿದ ಬಯಲಾಟಕ್ಕೆ ಇಂದು ಬಾಗಲಕೋಟೆಯಲ್ಲಿ ಅಕಾಡೆಮಿಯೇ ಇದೆ. 1938ರಲ್ಲಿ ಹತ್ತು ಸೆಂಟಿನ ಚಿತ್ರಕಥಾ ಪತ್ರಿಕೆಯಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್ ಈಗ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನದ ವಸ್ತು. ವೃತ್ತಿ ನಾಟಕಗಳ ರಂಗದ ಮೇಲೆ ಹಾಡಿ ಹೆಸರಾದ ನಿಮ್ಮ ಜಿಲ್ಲೆಯ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ ಕಿವಿಗೆ ಬಿದ್ದರೆ ಮೇಷ್ಟ್ರು ಟೆಂಟನ್ನು ಸುಡುತ್ತಾರೋ, ಕೈ ಮುಗಿಯುತ್ತಾರೋ? ಆ ಪೇಚಿಗೆ ಅವರನ್ನು ಸಿಕ್ಕಿಸಿ.

ಏಳನೆಯ ಪುಟದಲ್ಲಿ, ಕೆಡವಲು ಹೊರಟ ಟೆಂಟಿನೊಳಗೆ ತನ್ನ ತಾಯಿಯೇ ಸೆರಗು ಬಾಯಿಗೆ ಹಿಡಿದು ನಗುತ್ತ ಕುಳಿತಿರುವುದನ್ನು ಅವರು ಕಾಣುತ್ತಾರೆ. ಮೂರೇ ಸಾಲಿನಲ್ಲಿ ನೀವು ಅವರನ್ನು ಅಲ್ಲಿಂದ ಹಾರಿಸಿಬಿಟ್ಟಿದ್ದೀರಿ. ಟೆಂಟಿನ ಹೊರಗೆ ಅವರನ್ನು ಇನ್ನಷ್ಟು ಹೊತ್ತು ನಿಲ್ಲಿಸಿ. ತಾಯಿ ನಕ್ಕ ಮಾತು ಯಾವುದೆಂದು ನಮಗೂ ಕೇಳಿಸಲಿ, ಅದಕ್ಕೆ ಮೇಷ್ಟ್ರಿಗೂ ನಗು ಬಂದರೆ ಬರಲಿ. ಕೊನೆಯ ಎರಡು ಪುಟಗಳ ಭಾಷಣವನ್ನು ತೆಗೆದರೆ ಇದಕ್ಕೆ ಬೇಕಾದ ಜಾಗ ಸಿಗುತ್ತದೆ.

ತಿದ್ದಿದ ಪ್ರತಿಯನ್ನು ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ; ಈ ಸಲದ ಪ್ರತಿಯಲ್ಲಿ ಒತ್ತಕ್ಷರಗಳು ಚೆದುರಿ, ‘ದ್ವಂದ್ವಾರ್ಥ’ವನ್ನು ನಾನು ಊಹೆಯಿಂದ ಓದಬೇಕಾಯಿತು.

ಇಂತಿ,
ಸಂಪಾದಕ