ಕೂಲಂಟ್ ಇಳಿಯುತ್ತಿದೆ, ಕಾರಿನ ಕೆಳಗೆ ಮಾತ್ರ ಕಲೆಯಿಲ್ಲ

ಪ್ರಶ್ನೆ: ನಮ್ಮದು 2006ರ ಪೆಟ್ರೋಲ್ ಕಾರು. ಸಿಂಧನೂರಿನೊಳಗೆ ಓಡಾಡಿದರೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಅಷ್ಟಾಗಿ ಇಳಿಯುವುದಿಲ್ಲ. ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗಿ ಬಂದರೆ ಮರುದಿನ ಬೆಳಿಗ್ಗೆ ರೇಡಿಯೇಟರಿಗೆ ಸುಮಾರು ಅರ್ಧ ಲೀಟರ್ ನೀರು ಹಾಕಬೇಕಾಗುತ್ತದೆ. ನಾವು ಹಾಕುವುದು ಬೋರ್‌ವೆಲ್ ನೀರು. ನಿಲ್ಲಿಸಿದ ಜಾಗದಲ್ಲಿ ಎ.ಸಿ. ನೀರು ಬಿಟ್ಟರೆ ಬೇರೆ ಕಲೆ ಕಾಣುವುದಿಲ್ಲ. ಒಬ್ಬ ಮೆಕ್ಯಾನಿಕ್ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿರಿ ಎನ್ನುತ್ತಾರೆ. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಅರಿಶಿನವನ್ನೂ ಹಾಕಬೇಡಿ, ಎಂಜಿನ್ನನ್ನೂ ಬಿಚ್ಚಿಸಬೇಡಿ. ನೆಲದ ಮೇಲೆ ಕಲೆಯಿಲ್ಲ ಎಂಬ ಒಂದೇ ಕಾರಣಕ್ಕೆ ಕೂಲಂಟ್ ಎಂಜಿನ್ನಿನೊಳಗೇ ಸುಟ್ಟುಹೋಗುತ್ತಿದೆ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ಹನಿಹನಿಯಾಗಿ ಬೀಳುವ ನೀರು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಂತೂ ನೆಲಕ್ಕೆ ಬಿದ್ದದ್ದೂ ಕ್ಷಣದಲ್ಲಿ ಒಣಗುತ್ತದೆ. ಊರೊಳಗೆ ಇಳಿಯದ ನೀರು ದೂರದ ಓಟದಲ್ಲಿ ಇಳಿಯುತ್ತದೆ ಎಂದು ನೀವು ಬರೆದಿರುವುದೇ ಇಲ್ಲಿ ಮುಖ್ಯವಾದ ಸುಳಿವು. ಒತ್ತಡ ಪೂರ್ತಿ ಏರಿದಾಗ ಮಾತ್ರ ನೀರು ಹೊರಹೋಗುತ್ತಿದೆ ಎಂದು ಅದರಿಂದ ತಿಳಿಯುತ್ತದೆ, ಆದ್ದರಿಂದ ನನ್ನ ಮೊದಲ ಅನುಮಾನ ರೇಡಿಯೇಟರಿನ ಮುಚ್ಚಳದ ಮೇಲೆ.

ಈ ಮುಚ್ಚಳವನ್ನು ಹೆಚ್ಚಿನವರು ಬರೀ ಬಿರಡೆ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಅದರಲ್ಲಿ ಎರಡು ಕವಾಟಗಳಿವೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿದ್ದರೆ ಅಷ್ಟು ಬಾರ್ ಒತ್ತಡದವರೆಗೆ ಸ್ಪ್ರಿಂಗ್ ಇರುವ ದೊಡ್ಡ ಕವಾಟ ತೆರೆಯುವುದಿಲ್ಲ. ವಾತಾವರಣದ ಒತ್ತಡದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಅದಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ವರ್ಷಗಳು ಕಳೆದಂತೆ ಸ್ಪ್ರಿಂಗ್ ಸಡಿಲಗೊಂಡು ರಬ್ಬರ್ ಸೆಟೆದುಕೊಂಡರೆ, ಎ.ಸಿ. ಹಾಕಿಕೊಂಡು ಓಡುವಾಗ ಕೂಲಂಟ್ ಬೇಗನೆ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ನುಗ್ಗಿ, ಬಾಟಲಿ ತುಂಬಿದ ಮೇಲೆ ಅದರ ತೂತಿನಿಂದ ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುತ್ತದೆ, ಮನೆ ಮುಂದೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಎರಡನೆಯ ಸಣ್ಣ ಕವಾಟ ಎಂಜಿನ್ ಆರಿದಾಗ ಬಾಟಲಿಯ ನೀರನ್ನು ರೇಡಿಯೇಟರಿಗೆ ಹಿಂದಕ್ಕೆ ಬಿಡುತ್ತದೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿರಿ: ಬಾಟಲಿ ತುಂಬಿದ್ದು ರೇಡಿಯೇಟರ್ ಬರಿದಾಗಿದ್ದರೆ, ಇಲ್ಲವೇ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿ ಒಳಸೇರಿದ್ದರೆ, ಆ ಕವಾಟ ಕಚ್ಚಿಕೊಂಡಿದೆ ಅಥವಾ ಬಾಟಲಿಗೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡಿದೆ ಎಂದರ್ಥ. ಕೊಳವೆ ಸೀಳಿದ್ದರೂ ನೀರಿನ ಬದಲು ಗಾಳಿ ಎಳೆದುಕೊಂಡು ರೇಡಿಯೇಟರ್ ಬರಿದಾಗುತ್ತದೆ. ಅದೇ ಒತ್ತಡದ ಅಂಕಿಯಿರುವ ಹೊಸ ಮುಚ್ಚಳಕ್ಕೆ ದೊಡ್ಡ ಖರ್ಚಿಲ್ಲ. ಹೆಚ್ಚು ಅಂಕಿಯದು ಒಳ್ಳೆಯದೆಂದು ಹಾಕಿಸಿದರೆ ಹಳೆಯ ಹೋಸುಗಳು ಒಡೆಯುತ್ತವೆ.

ಮುಚ್ಚಳ ಬದಲಿಸಿದ ಮೇಲೂ ನೀರು ಇಳಿದರೆ ಪ್ರೆಶರ್ ಟೆಸ್ಟ್ ಮಾಡಿಸಿರಿ. ತಣ್ಣನೆಯ ರೇಡಿಯೇಟರಿನ ಬಾಯಿಗೆ ಕೈಪಂಪು ಕೂರಿಸಿ ಮುಚ್ಚಳದ ಅಂಕಿಯಷ್ಟು ಒತ್ತಡ ತುಂಬಿ ಕಾಲು ಗಂಟೆ ಬಿಟ್ಟಾಗ ಮೀಟರಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಖಚಿತವಾಗುತ್ತದೆ. ಹಳೆಯ ಕಾರುಗಳಲ್ಲಿ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಭಾಗಕ್ಕೆ ಕೂಡುವ ಅಂಚು, ಹೋಸ್ ಕ್ಲಾಂಪುಗಳ ಸುತ್ತಮುತ್ತ, ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರ ಇವುಗಳನ್ನು ಟಾರ್ಚು ಹಿಡಿದು ನೋಡಬೇಕು. ಒಣಗಿದ ಬಿಳಿ, ಹಸಿರು ಅಥವಾ ಕೆಂಪು ಗೆರೆಗಳು ಸೋರಿಕೆಯ ಗುರುತು. ಪಂಪಿನ ಆ ರಂಧ್ರದಿಂದ ನೀರು ಬರುತ್ತಿದ್ದರೆ ಒಳಗಿನ ಸೀಲು ಸವೆದಿದೆ ಎಂದೇ ತಿಳಿಯಬೇಕು. ರಂಧ್ರವನ್ನು ಎಂ-ಸೀಲ್‌ನಿಂದ ಮುಚ್ಚಿದರೆ ನೀರು ಬೇರಿಂಗಿಗೆ ಹೋಗಿ ಪಂಪೇ ಹಾಳಾಗುತ್ತದೆ. ಮುಂದಿನ ಸೀಟಿನ ಕಾಲಬಳಿಯ ಮ್ಯಾಟ್ ಎತ್ತಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಅಂಟಂಟು ಒದ್ದೆ ಮತ್ತು ಸಿಹಿ ವಾಸನೆ ಇದ್ದರೆ ಡ್ಯಾಶ್‌ಬೋರ್ಡಿನ ಒಳಗಿನ, ಬಿಸಿ ಕೂಲಂಟ್ ಹಾಯುವ ಹೀಟರ್ ಸೋರುತ್ತಿದೆ, ಎ.ಸಿ. ನೀರಿಗೆ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ.

ಹೆಡ್ ಗ್ಯಾಸ್ಕೆಟ್ ಹೋಗಿರಲಾರದು ಎಂದು ನಾನು ಹೇಳುತ್ತಿಲ್ಲ. ಹೋಗಿದ್ದರೆ ಅದಕ್ಕೆ ಬೇರೆ ಸಾಕ್ಷಿಗಳು ಇರುತ್ತವೆ: ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾಗುತ್ತದೆ, ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಬರುತ್ತಲೇ ಇರುತ್ತವೆ, ಕೆಲವೊಮ್ಮೆ ಆಯಿಲ್ ಹಾಲು ಬೆರೆತಂತಾಗುತ್ತದೆ. ಇವು ಕಂಡರೆ ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಪರೀಕ್ಷೆ ಮಾಡಿಸಿರಿ. ಸಿಲಿಂಡರಿನ ಹೊಗೆ ಸೇರಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ದ್ರವ ಹಳದಿಯಾಗುತ್ತದೆ. ಅದರ ನಂತರವೇ ಎಂಜಿನ್ ಬಿಚ್ಚುವ ಮಾತು. ಬಿಚ್ಚಿದಾಗ ಹೆಡ್ಡಿನ ಮುಖ ಸಮತಟ್ಟಾಗಿದೆಯೇ ಎಂದು ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಲು ಒಪ್ಪಬೇಡಿ.

ಅರಿಶಿನದ ವಿಷಯ: ಅದು ಸೂಜಿಮೊನೆಯಂಥ ತೂತನ್ನು ಕೆಲಕಾಲ ಮುಚ್ಚೀತು, ಆದರೆ ರೇಡಿಯೇಟರಿನ ಮತ್ತು ಹೀಟರಿನ ಕಿರಿದಾದ ನಾಳಗಳನ್ನೂ ಮುಚ್ಚುತ್ತದೆ. ಬೋರ್‌ವೆಲ್ ನೀರಿನದೂ ಇದೇ ಕಥೆ; ಗಡಸು ನೀರಿನ ಉಪ್ಪು ಒಳಗೆ ಪದರಗಟ್ಟಿ ಶಾಖ ಹೊರಹೋಗಲು ಬಿಡುವುದಿಲ್ಲ. ಕಾಲುವೆ ನೀರು ಕುಡಿಯಲು ಸಿಹಿಯಾಗಿದ್ದರೂ ಅದರಲ್ಲಿ ಲವಣ ಇದ್ದೇ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟನ್ನು ಸಮಪಾಲು ಬೆರೆಸಿರಿ. ಮೊದಲೇ ಬೆರೆಸಿದ ಕೂಲಂಟ್ ಕೊಂಡರೆ ನೀರು ಸೇರಿಸಬೇಡಿ. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕದೆ ಎಂಜಿನ್ ಓಡಿಸಿ, ಒಳಗಿನ ಗಾಳಿ ಹೋಗಿ ಗುಳ್ಳೆ ನಿಂತ ಮೇಲೆ ಮುಚ್ಚಿರಿ.

ದುರಸ್ತಿ ಮುಗಿಯುವವರೆಗೆ ಬಳ್ಳಾರಿಯ ಪ್ರಯಾಣ ಬೇಡ. ಹೋಗಲೇಬೇಕಾಗಿ ಬಂದು ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಹೀಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿರಿ. ಮೇಲಿನ ಹೋಸು ಕೈಗೆ ತಣ್ಣಗೆ ತಾಗುವವರೆಗೆ ಮುಚ್ಚಳ ಮುಟ್ಟಬೇಡಿ.