ಉತ್ತರ: ಎಪಿಎಯಿಂದ ವ್ಯಾಂಕೂವರ್ ಶೈಲಿಗೆ ಬದಲಾಯಿಸುವುದು

ಎಪಿಎ ಶೈಲಿಯ (ಉಲ್ಲೇಖದಲ್ಲಿ ಲೇಖಕರ ಹೆಸರು, ವರ್ಷ ಬರೆಯುವ) ಲೇಖನವನ್ನು ವ್ಯಾಂಕೂವರ್ (ಅದರ ಬದಲು ನಂಬರ್ ಹಾಕುವ ಶೈಲಿ) ಕೇಳುವ ಜರ್ನಲ್‌ಗೆ ಕಳಿಸಲು ಉಲ್ಲೇಖಗಳನ್ನೆಲ್ಲ ಮತ್ತೆ ಟೈಪ್ ಮಾಡಬೇಕಾ ಅಂತ ಕೇಳಿದ್ದೀರಿ. ಜೊಟೆರೊ (ಉಲ್ಲೇಖಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಮೂಲಕ ಹಾಕಿದ್ದರೆ ಬೇಡ. ಫೈಲಿನ ಒಂದು ಕಾಪಿ ಇಟ್ಟುಕೊಂಡು, ವರ್ಡ್‌ನ ಜೊಟೆರೊ ಟ್ಯಾಬ್‌ನಲ್ಲಿ ಡಾಕ್ಯುಮೆಂಟ್ ಪ್ರಿಫರೆನ್ಸಸ್ ತೆರೆದು ಶೈಲಿ ಬದಲಿಸಿ. ನಂಬರ್‌ಗಳು ತಾವಾಗಿಯೇ ಕ್ರಮಕ್ಕೆ ಬರುತ್ತವೆ.

ಜಾಸ್ತಿ ಗಮನ ಬೇಕಾಗುವುದು ನಿಮ್ಮ ವಾಕ್ಯಗಳಿಗೆ. "ರಾವ್ (2019) ತೋರಿಸಿದಂತೆ" ಎಂಬಲ್ಲಿ ಹೆಸರೂ ಉಲ್ಲೇಖದ ಒಳಗೇ ಇದ್ದರೆ, ಶೈಲಿ ಬದಲಾದಾಗ ಬರೀ "(12) ತೋರಿಸಿದಂತೆ" ಎಂದು ಉಳಿದುಬಿಡಬಹುದು. ಅಲ್ಲಿ ಹೆಸರನ್ನು ನೀವೇ ಟೈಪ್ ಮಾಡಬೇಕು. ಇಂಥವನ್ನು ಒಂದೊಂದಾಗಿ ಕಣ್ಣಲ್ಲೇ ಹುಡುಕಿ, ಸುಮ್ನೆ ಸಾಫ್ಟ್‌ವೇರ್ ನಂಬಬೇಡಿ.

ಇನ್ನು ಲೇಖಕರ ಹೆಸರು. ಎಪಿಎ 7ನೇ ಆವೃತ್ತಿಯ ಉಲ್ಲೇಖ ಪಟ್ಟಿಯಲ್ಲಿ 20 ಜನರವರೆಗೂ ಬರೆಯುತ್ತಾರೆ. ವ್ಯಾಂಕೂವರ್‌ನಲ್ಲಿ ಸಾಮಾನ್ಯವಾಗಿ 6 ಹೆಸರು, ಆಮೇಲೆ ಎಟ್ ಆಲ್ (ಅಂದರೆ 'ಮತ್ತು ಇತರರು'). ಕೆಲವು ಜರ್ನಲ್‌ಗಳು 3ಕ್ಕೇ ನಿಲ್ಲಿಸುತ್ತವೆ, ಅದನ್ನು ಅವರ ಸೂಚನೆಗಳಲ್ಲೇ ನೋಡಿಕೊಳ್ಳಿ.